ಪಹಣಿಯ ಒಂಬತ್ತನೇ ಕಾಲಂ, ಹನ್ನೆರಡನೇ ಕಾಲಂ

ತಳಮಟ್ಟದ ಮಾಹಿತಿಯನ್ನು ಕಲೆಹಾಕಿ ತೀರ್ಮಾನ ಕೈಗೊಳ್ಳುವವರಿಗೆ ತಲುಪಿಸುವ ಏರ್ಪಾಡಿಗೆ ಕಚೇರಿಗಳಲ್ಲಿ ಎಂಐಎಸ್ ಎನ್ನುತ್ತಾರೆ. ತಪ್ಪು ಬರೆದರೆ ಪೆಟ್ಟು ಯಾರಿಗೆ, ಪೆಟ್ಟು ತಿಂದವರಿಗೆ ಅದನ್ನು ತಿದ್ದಿಸಿಕೊಳ್ಳುವ ದಾರಿ ಉಂಟೇ ಎಂಬ ಎರಡು ಪ್ರಶ್ನೆಗಳಲ್ಲೇ ಅದರ ಗೆಲುವು ಸೋಲು ನಿರ್ಧಾರವಾಗುತ್ತದೆ. ಬೆಂಗಳೂರಿನ ಅಂಚಿನ ಹೆಸರಘಟ್ಟ ಹೋಬಳಿಯಲ್ಲಿ ಜಮೀನಿನ ಹಕ್ಕು, ಬೆಳೆಯ ದಾಖಲೆಯಾದ ಪಹಣಿ ಹಿಡಿದು ಓಡಾಡಿದವರಿಗೆ ಇದು ಅನುಭವದಿಂದ ಗೊತ್ತು.

ಪಹಣಿಯ ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಹನ್ನೊಂದರಲ್ಲಿ ಸಾಲ ಮತ್ತಿತರ ಋಣ, ಹನ್ನೆರಡರಲ್ಲಿ ಬೆಳೆ. ಹಾಳೆ ಒಂದೇ, ಹಿಂದೆ ಬರೆಯುತ್ತಿದ್ದ ಗ್ರಾಮ ಲೆಕ್ಕಿಗರೂ ಒಬ್ಬರೇ. ಆದರೆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬ್ಯಾಂಕಿನಲ್ಲಿ ಸಾಲ ನಿಲ್ಲುತ್ತದೆ, ಕ್ರಯಪತ್ರ ನಿಲ್ಲುತ್ತದೆ; ಹಾಗಾಗಿ ಮನೆಮಂದಿಯೆಲ್ಲ ಅದನ್ನು ಅಕ್ಷರ ಬಿಡದೆ ಓದುತ್ತಾರೆ. ಬೆಳೆಯ ಕಾಲಂ ಓದುವವರೇ ಇರಲಿಲ್ಲ. ಹೊಲಕ್ಕೆ ಕಾಲಿಡದೆ ಹೋದ ವರ್ಷದ್ದನ್ನೇ ಎತ್ತಿ ಬರೆದರೂ ಕೇಳುವವರಿರಲಿಲ್ಲ. ಸೇವಂತಿಗೆ, ದ್ರಾಕ್ಷಿ ಬಂದ ಮೇಲೂ ಕಾಗದದಲ್ಲಿ ಅದು ರಾಗಿ ಹೊಲವಾಗಿಯೇ ಉಳಿಯಬಹುದಿತ್ತು. ಇಂಥ ಅಂಕಿಗಳನ್ನು ಕೂಡಿಸಿದರೆ ಹೋಬಳಿಯ, ತಾಲ್ಲೂಕಿನ, ಜಿಲ್ಲೆಯ ವರದಿ.

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಆಗ 15 ರೂಪಾಯಿಗೆ ಪಹಣಿ, ಅರ್ಜಿ ಬಂದ ಸರದಿಯಂತೆ ಖಾತೆ ಬದಲಾವಣೆ, ಸಿಬ್ಬಂದಿಯ ಬೆರಳಚ್ಚಿಲ್ಲದೆ ತೆರೆಯದ ತಂತ್ರಾಂಶ, ಅರ್ಜಿದಾರರ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ: ಇವೆಲ್ಲ ದೊಡ್ಡ ಸಂಗತಿಗಳೇ. ಆದರೂ ಎಲ್ಲಕ್ಕಿಂತ ಗಟ್ಟಿ ಹೆಜ್ಜೆ ಎಂದರೆ ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆದುಹಾಕಿದ್ದು. ಹಳೆಯ ಪುಸ್ತಕವೂ ಹೊಸ ಕಂಪ್ಯೂಟರೂ ಜೊತೆಜೊತೆಗೆ ನಡೆಯುವ ಕಚೇರಿಯಲ್ಲಿ ನೌಕರರಿಗೆ ದುಪ್ಪಟ್ಟು ಕೆಲಸ. ಎರಡೂ ತಾಳೆಯಾಗದಿದ್ದಾಗ ನಂಬುವುದು ಪುಸ್ತಕವನ್ನೇ.

ಕಂಪ್ಯೂಟರಿಗೆ ಹೋದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಹಳೆಯ ಪಹಣಿಯಿಂದ ಹಾಗೆಯೇ ಇಳಿದು ಬಂದ ತಪ್ಪು ವಿಸ್ತೀರ್ಣ ತಿದ್ದಿಸಲು ರೈತರು ತಹಶೀಲ್ದಾರರ ಬಳಿ, ಕೆಲವು ಪ್ರಕರಣಗಳಲ್ಲಿ ಉಪವಿಭಾಗಾಧಿಕಾರಿಗಳ ಬಳಿ ಹೋಗಬೇಕು. ಕಚೇರಿಯಲ್ಲಿ ಆದ ತಪ್ಪಿಗೆ ರೈತರನ್ನು ವರ್ಷಗಟ್ಟಲೆ ಅಲೆಸುವುದು ಅನ್ಯಾಯ. ತಿದ್ದುಪಡಿಯ ದಾರಿಯನ್ನು ಮೊದಲ ದಿನವೇ ಕಟ್ಟಬೇಕು.

ಬೆಳೆ ಕಾಲಂನ ಹಣೆಬರಹ ಬದಲಾದದ್ದು ಈಚೆಗೆ. ಬೆಳೆ ಸಮೀಕ್ಷೆಯಲ್ಲಿ ಸ್ಥಳೀಯ ಯುವಕರು ಮೊಬೈಲ್ ಹಿಡಿದು ಸರ್ವೆ ನಂಬರಿನೊಳಗೇ ನಿಂತು ಫೋಟೋ ತೆಗೆಯುತ್ತಾರೆ. 2020ರಿಂದ ರೈತರೇ ಆ್ಯಪ್‌ನಲ್ಲಿ ದಾಖಲಿಸಬಹುದು. ಆದರೆ ಕ್ಯಾಮೆರಾಗಿಂತ ಹೆಚ್ಚು ಕೆಲಸ ಮಾಡಿದ್ದು ಬೇರೆ. ಬೆಂಬಲ ಬೆಲೆಯ ರಾಗಿ ಖರೀದಿಗೆ ರೈತರ ನೋಂದಣಿ ವ್ಯವಸ್ಥೆಯಾದ ‘ಫ್ರೂಟ್ಸ್’ನ ಗುರುತಿನ ಸಂಖ್ಯೆ ಬೇಕು, ಅದರಲ್ಲಿ ಬೆಳೆ ವಿವರ ಇರಬೇಕು. ರಾಗಿ ಮೂಟೆ ಕಟ್ಟಿಟ್ಟ ರೈತರ ಸರ್ವೆ ನಂಬರಿನ ಎದುರು ನೀಲಗಿರಿ ಎಂದಿದ್ದರೆ ನೋಂದಣಿ ಕೌಂಟರಿನಲ್ಲೇ ಮಾತು ಮುಗಿಯಿತು. ಹೀಗಾಗಿ ಯಾರೂ ತಿರುಗಿ ನೋಡದಿದ್ದ ಕಾಲಂ ಮೇಲೆ ಊರಿಗೂರೇ ಕಣ್ಣಿಟ್ಟಿತು. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ತಮ್ಮ ಹೊಲದ ದಾಖಲೆ ನೋಡಿ ಆಕ್ಷೇಪಣೆ ಹಾಕಲೂ ಅವಕಾಶವಿದೆ.

ಹಾಗೆಂದು ಕಾಲಂಗಳನ್ನು ಹೆಚ್ಚಿಸುತ್ತ ಹೋಗಬೇಕೆಂದಲ್ಲ. ಅಂಕಿ ಹೆಚ್ಚಾದರೆ ತೀರ್ಮಾನ ಸುಧಾರಿಸುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಆಡಳಿತ ಚಿಂತಕ ರಸೆಲ್ ಅಕಾಫ್ 1967ರಲ್ಲೇ ಪ್ರಶ್ನಿಸಿದ್ದರು. ಅಧಿಕಾರಿಗಳನ್ನು ಕಾಡುವುದು ಮಾಹಿತಿಯ ಕೊರತೆಗಿಂತ ಬೇಡದ ಮಾಹಿತಿಯ ರಾಶಿ ಎಂಬುದು ಅವರ ವಾದ. ದಿನಕ್ಕೊಂದು ನಮೂನೆ ತುಂಬಿ ಕಳಿಸುವ ಯಾವ ಕಚೇರಿಯವರೂ ಇದನ್ನು ಒಪ್ಪುತ್ತಾರೆ.

ನಗರದಂಚಿನ ಹೆಸರಘಟ್ಟದಂಥ ಕಡೆ ಇನ್ನೊಂದು ತೊಡಕಿದೆ. ಒಂದೇ ಸರ್ವೆ ನಂಬರಿನಲ್ಲಿ ಹಲವು ಹೆಸರು, ಪಾಲುಗಳನ್ನು ಅಳೆದು ಬೇರ್ಪಡಿಸುವ ಪೋಡಿ ಆಗಿಲ್ಲ. ಯಾರ ಪಾಲು ಎಲ್ಲಿ ಎಂಬುದು ಪಹಣಿಯಲ್ಲಿ ಕಾಣದು. ಹಕ್ಕಿನ ದಾಖಲೆ ಕಂದಾಯದವರದು, ನಕ್ಷೆ ಸರ್ವೆಯವರದು, ನೋಂದಣಿ ಮೂರನೆಯವರದು. ಜಮೀನಿನ ಒಂದು ಭಾಗ ಮಾರುವಾಗ ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಇರಲೇಬೇಕೆಂದ ಮೇಲೆ ಈ ಮೂವರ ಲೆಕ್ಕ ಕನಿಷ್ಠ ಮಾರಾಟದ ಹೊತ್ತಿಗಾದರೂ ಒಂದೆಡೆ ಸೇರುತ್ತಿದೆ. ಮಾರಾಟಕ್ಕೆ ಬಾರದ, ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಹಂಚಿಕೊಂಡು ಉಳುತ್ತಿರುವ ಜಮೀನುಗಳಿಗೆ ಆ ಜೋಡಣೆ ಇನ್ನೂ ಆಗಬೇಕಿದೆ.