ಧರ್ಮಸ್ಥಳಕ್ಕೆ ಮೊದಲ ಪಾದಯಾತ್ರೆ: ಆರೋಗ್ಯ ಪ್ರಶ್ನೋತ್ತರ

ಮಹಾಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳ ಸೇರುವಂತೆ ಬೆಂಗಳೂರಿನಿಂದ ಹೊರಡುವ ಪಾದಯಾತ್ರಿಗಳು ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿದು ಉಜಿರೆ ತಲುಪುತ್ತಾರೆ. ದಾರಿ 300 ಕಿ.ಮೀ.ಗೂ ಹೆಚ್ಚು. ಮೊದಲ ಸಲ ಹೊರಡುವವರಿಗೆ ಎದೆ, ಉಸಿರಿಗಿಂತ ಮುಂಚೆ ತೊಂದರೆ ಕೊಡುವುದು ಪಾದ. ಆ ತೊಂದರೆಯ ಬಹುಪಾಲಿಗೆ ಕಾರಣ ದಿನಕ್ಕೆ ಗೊತ್ತುಮಾಡಿಕೊಂಡ ದೂರ. ದಕ್ಷಿಣ ಬೆಂಗಳೂರಿನ ಓದುಗರ ಪ್ರಶ್ನೆಗಳು ಹೆಚ್ಚಾಗಿ ಈ ಎರಡರ ಸುತ್ತಲೇ ಇವೆ.

ಪ್ರಶ್ನೆ: ಗುಂಪಿನವರು 8 ದಿನಕ್ಕೆ ಯಾತ್ರೆ ಮುಗಿಸುತ್ತಾರೆ. ಕೂತು ಕೆಲಸ ಮಾಡುವ 48 ವರ್ಷದವರಿಗೆ ಇದು ಸಾಧ್ಯವೇ? ಅಭ್ಯಾಸ ಯಾವಾಗ ಶುರುವಾಗಬೇಕು? (ಜಯನಗರ)

ಉತ್ತರ: 8 ದಿನವೆಂದರೆ ದಿನಕ್ಕೆ 40 ಕಿ.ಮೀ. ಹತ್ತಾರು ವರ್ಷ ನಡೆದು ಪಳಗಿದವರ ಲೆಕ್ಕ ಅದು. ಮೊದಲ ಯಾತ್ರೆಗೆ 11 ದಿನ ಇಟ್ಟುಕೊಂಡರೆ ದಿನದ ದೂರ 30 ಕಿ.ಮೀ.ಗಿಂತ ಕೆಳಗೆ ಇಳಿಯುತ್ತದೆ. ಗುಂಪಿಗಿಂತ ಮೂರು ದಿನ ಮೊದಲೇ ಹೊರಡುವುದು, ಇಲ್ಲವೇ ತಮ್ಮಂತೆ ಹೊಸಬರಾದ ನಾಲ್ಕೈದು ಮಂದಿಯ ಜೊತೆಗೂಡುವುದು ಒಳ್ಳೆಯದು. ಮೊದಲ ದಿನ ಹುಮ್ಮಸ್ಸಿನಲ್ಲಿ ಎಲ್ಲರೂ ನಡೆಯುತ್ತಾರೆ. ಸ್ನಾಯುಗಳ ನೋವು ಪೂರ್ತಿಯಾಗಿ ಕಾಣಿಸಿಕೊಳ್ಳುವುದು ಎರಡು ಮೂರನೆಯ ದಿನ. ಆಗ ಗುಂಪಿನ ವೇಗ ಹಿಡಿಯಲು ಹೋಗಿ ಕುಂಟುತ್ತ ನಡೆದವರು ಹಾಸನ ತಲುಪುವುದೇ ಕಷ್ಟವಾಗುತ್ತದೆ.

ಅಭ್ಯಾಸ ಶುರುಮಾಡಲು ಬಸವನಗುಡಿಯ ಕಡಲೆಕಾಯಿ ಪರಿಷೆಯ ವಾರ ಅನುಕೂಲದ ಗುರುತು. ಕಾರ್ತಿಕದ ಕೊನೆಯ ಸೋಮವಾರದಿಂದ ಮಾಘ ಬಹುಳ ಚತುರ್ದಶಿಗೆ ಸುಮಾರು 12–13 ವಾರ. ನಡೆಯುವ ದಿನಗಳನ್ನು ಕಳೆದರೂ ಹತ್ತು ವಾರ ಕೈಯಲ್ಲಿ ಉಳಿಯುತ್ತದೆ. ಮೊದಲ ಎರಡು ವಾರ ದಿನಕ್ಕೆ 4–5 ಕಿ.ಮೀ. ಸಾಕು, ಲಾಲ್‌ಬಾಗ್, ಜೆ.ಪಿ. ನಗರದ ಮಿನಿ ಫಾರೆಸ್ಟ್, ಬಿಟಿಎಂ ಕಡೆಯವರಿಗೆ ಮಡಿವಾಳ ಕೆರೆಯ ದಂಡೆ ಇದಕ್ಕೆ ಸರಿಯಾದ ಜಾಗಗಳು. ಆಮೇಲೆ ವಾರದ ಒಟ್ಟು ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು, ನಾಲ್ಕನೆಯ ವಾರ ಒಂದಿಷ್ಟು ಕಡಿಮೆ ಮಾಡಿ ಕಾಲಿಗೆ ಬಿಡುವು ಕೊಡಬೇಕು. ಹೃದಯ ಮತ್ತು ಸ್ನಾಯು ಬೇಗ ಒಗ್ಗುತ್ತವೆ. ಸ್ನಾಯುರಜ್ಜು ಮತ್ತು ಮೂಳೆ ಒಗ್ಗಲು ಇನ್ನೂ ಹೆಚ್ಚು ವಾರ ಬೇಕು. ಆತುರದ ಅಭ್ಯಾಸದಲ್ಲೇ ಮೂಳೆಯಲ್ಲಿ ಸಣ್ಣ ಬಿರುಕು ಬಿಡುವುದು ಇದಕ್ಕಾಗಿಯೇ.

ಉದ್ಯಾನದ ಮಣ್ಣುಹಾದಿಯ ಅಭ್ಯಾಸ ಡಾಂಬರಿಗೆ ಸಾಲದು. ಆರನೆಯ ವಾರದಿಂದ ಭಾನುವಾರ ನಸುಕಿನಲ್ಲಿ ಬನಶಂಕರಿ ದೇವಸ್ಥಾನದಿಂದ ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ತನಕ ನಡೆದು ಬಸ್ಸಿನಲ್ಲಿ ಮರಳಬಹುದು. ಏರಿಳಿತದ ಅಭ್ಯಾಸಕ್ಕೆ ರಾಗಿಗುಡ್ಡದ ಮೆಟ್ಟಿಲು, ತುರಹಳ್ಳಿ ಕಾಡಿನ ಇಳಿಜಾರು ಇವೆ. ಹೊರಡುವುದಕ್ಕೆ ಎರಡು ಮೂರು ವಾರ ಮುಂಚೆ ಶನಿವಾರ, ಭಾನುವಾರ ಎರಡೂ ದಿನ 20–25 ಕಿ.ಮೀ. ನಡೆದು ನೋಡಬೇಕು. ಯಾತ್ರೆಯ ಚೀಲ, ಚಪ್ಪಲಿ ಅಥವಾ ಬೂಟು, ಬಟ್ಟೆ ಎಲ್ಲವೂ ಅಂದು ಮೈಮೇಲಿರಬೇಕು. ಎರಡನೆಯ ದಿನ ಎದ್ದು ನಡೆಯಲು ಆದರೆ ದೇಹ ಸಿದ್ಧವಾಗಿದೆ. ಆಗದಿದ್ದರೆ ಆ ವರ್ಷ ಹಾಸನದವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆಯುವುದು ತಪ್ಪಲ್ಲ.

ಹರಕೆ ಮನೆಬಾಗಿಲಿನಿಂದಲೇ ಇದ್ದರೆ ಜಯನಗರದಿಂದ ನೆಲಮಂಗಲಕ್ಕೇ ಸುಮಾರು 30 ಕಿ.ಮೀ. ಆಗುತ್ತದೆ, ಊರನ್ನು ದಾಟಿ ಪೀಣ್ಯ, ತುಮಕೂರು ರಸ್ತೆಯ ಹೊಗೆ, ದೂಳಿನಲ್ಲಿ ಸಾಗಬೇಕು. ಅಸ್ತಮಾ ಇರುವವರು ನಸುಕಿಗೆ ಮುಂಚೆ ಹೊರಡಬೇಕು, ಇನ್‌ಹೇಲರನ್ನು ಚೀಲದ ತಳದಲ್ಲಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಪ್ರಶ್ನೆ: ಯಾವ ಪರೀಕ್ಷೆಗಳನ್ನು ಮಾಡಿಸಬೇಕು? (ಜೆ.ಪಿ. ನಗರ)

ಉತ್ತರ: ಎಲ್ಲರಿಗೂ ಬೇಕಾದದ್ದು ಸರಳ: ರಕ್ತದೊತ್ತಡ, ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಪಾದಗಳ ತಪಾಸಣೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸರಿಪಡಿಸಲು ವಾರಗಳೇ ಬೇಕಾಗುವುದರಿಂದ, ಮುಖ್ಯವಾಗಿ ಹೆಂಗಸರು, ಇದನ್ನು ಅಭ್ಯಾಸದ ಆರಂಭದಲ್ಲೇ ಮಾಡಿಸಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿ 10 ವರ್ಷ ಕಳೆದಿದ್ದರೆ ಮತ್ತೊಂದು ಬೇಕು. 40 ದಾಟಿದವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವುಗಳಲ್ಲಿ ಯಾವುದಿದ್ದರೂ ಇಸಿಜಿ ಮಾಡಿಸಿ ವೈದ್ಯರ ಸಲಹೆ ಪಡೆಯಬೇಕು. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು, ಮೊದಲಿಗಿಂತ ಬೇಗ ಏದುಸಿರು ಬರುವವರು, ನಡೆಯುವಾಗ ತಲೆ ಸುತ್ತಿ ಬಂದವರು ಹೃದ್ರೋಗ ತಪಾಸಣೆ ಮುಗಿಯುವ ತನಕ ಅಭ್ಯಾಸವನ್ನೂ ಶುರುಮಾಡಬಾರದು. ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಯಲ್ಲೇ ಇರುವಾಗ ದಕ್ಷಿಣ ಬೆಂಗಳೂರಿನವರು ಇದನ್ನು ಮುಂದೂಡಲು ಕಾರಣವಿಲ್ಲ.

ಪ್ರಶ್ನೆ: ಬರಿಗಾಲಿನಲ್ಲಿ ನಡೆಯುವ ಹರಕೆಯಿದೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯ ಜೊತೆ ರಾತ್ರಿ ಇನ್ಸುಲಿನ್ ಇದೆ. (ಬನಶಂಕರಿ, 57 ವರ್ಷ)

ಉತ್ತರ: ಮೊದಲು ಪಾದದ ಸ್ಪರ್ಶಜ್ಞಾನ ಪರೀಕ್ಷೆಯಾಗಬೇಕು. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ನೋಡುವ ಈ ಪರೀಕ್ಷೆ ಕೆಲವು ನಿಮಿಷದ ಕೆಲಸ. ಹಲವು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿನ ನರಗಳು ಮಂಕಾಗಿರುವುದು ಸಾಮಾನ್ಯ, ಅದು ರೋಗಿಗೆ ತಿಳಿದಿರುವುದಿಲ್ಲ. ಮಧ್ಯಾಹ್ನದ ಡಾಂಬರು ಗಾಳಿಗಿಂತ ಬಹಳ ಹೆಚ್ಚು ಕಾದಿರುತ್ತದೆ; ನೋವು ತಿಳಿಯುವ ಕಾಲು ತಾನೇ ನೆರಳಿಗೆ ಸರಿಯುತ್ತದೆ, ನೋವು ತಿಳಿಯದ ಕಾಲು ಸುಡುತ್ತಲೇ ನಡೆಯುತ್ತದೆ. ಆ ಹುಣ್ಣು ಕೀವಾಗಿ ಬೆರಳು ತೆಗೆಯುವ ಹಂತಕ್ಕೆ ಹೋಗಬಹುದು. ಸ್ಪರ್ಶಜ್ಞಾನ ಕುಗ್ಗಿದವರು, ಪಾದದ ರಕ್ತಸಂಚಾರ ಕಡಿಮೆಯಿರುವವರು, ಹಿಂದೆ ಹುಣ್ಣಾಗಿದ್ದವರು ಬರಿಗಾಲಿನಲ್ಲಿ ನಡೆಯಲೇಬಾರದು. ಇದರಲ್ಲಿ ರಿಯಾಯಿತಿಯಿಲ್ಲ. ಉಜಿರೆಯಿಂದಾಚೆ ಕೊನೆಯ ಹಂತದಲ್ಲೂ, ಬೆಳಗಿನ ತಂಪಿನಲ್ಲೂ ಅವರ ಕಾಲಲ್ಲಿ ಪಾದರಕ್ಷೆ ಇರಬೇಕು. ಹರಕೆಯನ್ನು ಬೇರೆ ರೀತಿಯ ಸೇವೆಗೆ ಬದಲಿಸಿಕೊಳ್ಳುವ ಬಗ್ಗೆ ಮನೆಯ ಹಿರಿಯರೊಡನೆ ಮಾತಾಡುವುದು ಒಳ್ಳೆಯದು. ಪಾದ ಆರೋಗ್ಯವಾಗಿರುವ ಉಳಿದವರು ಬರಿಗಾಲಿನಲ್ಲಿ ಹೋಗುವುದಾದರೆ ಅಭ್ಯಾಸವೂ ಬರಿಗಾಲಿನಲ್ಲೇ ನಡೆದಿರಬೇಕು, ನಡಿಗೆ ಬೆಳಗ್ಗೆ 9ರ ಒಳಗೆ, ಸಂಜೆ 5ರ ನಂತರ ಮಾತ್ರ.

ಔಷಧದ ವಿಷಯ ಇನ್ನೂ ಸೂಕ್ಷ್ಮ. ದಿನವಿಡೀ ನಡೆದ ದೇಹ ಅಂದಿನ ರಾತ್ರಿಯೂ ಸಕ್ಕರೆಯನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಇನ್ಸುಲಿನ್ ಹಾಗೂ ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನು ಎಂದಿನ ಪ್ರಮಾಣದಲ್ಲೇ ತೆಗೆದುಕೊಂಡರೆ ನಿದ್ದೆಯಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎಷ್ಟು ಇಳಿಸಬೇಕೆಂದು ಚಿಕಿತ್ಸೆ ಕೊಡುವ ವೈದ್ಯರೇ ಹೇಳಬೇಕು; ಅದಕ್ಕೆ ಆಧಾರ ಬೇಕೆಂದರೆ 20 ಕಿ.ಮೀ. ಅಭ್ಯಾಸದ ದಿನ ಹೊರಡುವ ಮುಂಚೆ, ನಡುವೆ, ಮಲಗುವಾಗ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಟ್ಟ ಅಂಕಿಗಳನ್ನು ಅವರ ಮುಂದೆ ಇಡಬೇಕು. ನಡೆಯುವ ಮುಂಚೆ 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಹೊರಡಬೇಕು. ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ನೋಡಬೇಕು. ಜೊತೆಯವರಿಗೆ ಇದು ಮೊದಲೇ ಗೊತ್ತಿರಬೇಕು. ಬಳಕೆಯಲ್ಲಿರುವ ಇನ್ಸುಲಿನ್ ನೆರಳಿನ ತಂಪಿನಲ್ಲಿ ನಾಲ್ಕು ವಾರ ಕೆಡದು. ಸಾಮಾನಿನ ಗಾಡಿಯಲ್ಲಿ ಬಿಸಿಲಿಗೆ ಬಿಟ್ಟರೆ ಕೆಡುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರದ ಮೂಲಕ ನೀರನ್ನೂ ಕಳೆಯುತ್ತವೆ. ಅವನ್ನು ನುಂಗುತ್ತ ಶಿವರಾತ್ರಿಯ ಪೂರ್ಣ ಉಪವಾಸ ಮಾಡುವುದು ಅಪಾಯ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ನಿರಾಹಾರ ಸಲ್ಲದು; ಹಣ್ಣು, ಹಾಲು ಸೇವಿಸಿ ಜಾಗರಣೆ ಮಾಡಬಹುದು.

ಪ್ರಶ್ನೆ: ಬೊಬ್ಬೆ ಏಳದಂತೆ ಏನು ಮಾಡಬೇಕು? (ಬಿಟಿಎಂ ಬಡಾವಣೆ)

ಉತ್ತರ: ಉಜ್ಜಾಟ, ಬೆವರಿನ ತೇವ, ಶಾಖ ಮೂರೂ ಸೇರಿದಾಗ ಬೊಬ್ಬೆ ಏಳುತ್ತದೆ. ಯಾತ್ರೆಗೆಂದು ಹಿಂದಿನ ವಾರ ಹೊಸ ಬೂಟು ಕೊಳ್ಳುವುದೇ ದೊಡ್ಡ ತಪ್ಪು. ಕನಿಷ್ಠ 100 ಕಿ.ಮೀ. ನಡೆದು ಪಳಗಿಸಿದ ಬೂಟು ಬೇಕು. ಸಂಜೆ ಪಾದ ಸ್ವಲ್ಪ ಊದಿರುವುದರಿಂದ ಸಂಜೆಯೇ ಅಂಗಡಿಗೆ ಹೋಗಿ, ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗ ಬಿಟ್ಟು ಆರಿಸಬೇಕು. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಡುತ್ತದೆ, ಬೇಗ ಒಣಗುವ ಸಿಂಥೆಟಿಕ್ ಅಥವಾ ಉಣ್ಣೆ ಮಿಶ್ರಿತದ್ದು ವಾಸಿ. ನಸುಕಿನಲ್ಲಿ ಹಿಮ್ಮಡಿ, ಬೆರಳ ಸಂದಿಗೆ ವ್ಯಾಸಲೀನ್ ಸವರಿ, ತಂಗಿದ ಕಡೆಯೆಲ್ಲ ಕಾಲುಚೀಲ ಬಿಚ್ಚಿ ಪಾದ ಒಣಗಿಸಬೇಕು. ಎಲ್ಲಾದರೂ ಉರಿ ತೋರಿದ ಕೂಡಲೇ ನಿಂತು ಟೇಪು ಅಂಟಿಸಬೇಕು. ಮುಂದಿನ ಊರಲ್ಲಿ ನೋಡೋಣವೆಂದರೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಉಗುರನ್ನು ವಾರ ಮುಂಚೆ ನೇರವಾಗಿ ಕತ್ತರಿಸಬೇಕು.

ಚಿಕ್ಕ ಬೊಬ್ಬೆಯನ್ನು ಹಾಗೇ ಬಿಡಬೇಕು. ನಡೆಯಲು ಬಿಡದಷ್ಟು ಉಬ್ಬಿದ್ದರೆ ಪಾದ ತೊಳೆದು, ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಬಿಟ್ಟು, ಮೇಲಿನ ಚರ್ಮ ಕೀಳದೆ ಪೊವಿಡೋನ್ ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಬೇಕು. ಸಕ್ಕರೆ ಕಾಯಿಲೆಯವರು ತಾವೇ ಚುಚ್ಚಬಾರದು. ತೊಡೆಸಂದಿ ಉರಿಯುವವರಿಗೆ ಬೆವರಿಗೆ ಅಂಟುವ ಪಂಚೆಗಿಂತ ಮೈಗಂಟುವ ಉದ್ದ ಚಡ್ಡಿ ಒಳ್ಳೆಯದು.

ಪ್ರಶ್ನೆ: ದಾರಿಯಲ್ಲಿ ನೋವಿನ ಮಾತ್ರೆ, ಇಂಜೆಕ್ಷನ್ ಸುಲಭವಾಗಿ ಸಿಗುತ್ತವಂತೆ. ತೆಗೆದುಕೊಳ್ಳಬಹುದೇ? (ಜಯನಗರ)

ಉತ್ತರ: ಈ ಯಾತ್ರೆಯಲ್ಲಿ ಹೆಚ್ಚು ಎಚ್ಚರ ಬೇಕಾದ ವಿಷಯ ಇದು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್ ಇವೆಲ್ಲ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸುತ್ತವೆ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಆ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಅದರ ಮೇಲೆ ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆ ಮತ್ತು ಮೂತ್ರವರ್ಧಕ ಸೇರಿದರೆ ಎರಡು ಮೂರು ದಿನದಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಮೂರು ಔಷಧಗಳೂ ಒಂದೇ ಗುಳಿಗೆಯಲ್ಲದ ಕಾರಣ ರೋಗಿಗೆ ಈ ಸಂಬಂಧ ಹೊಳೆಯುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ., ಎರಡರ ನಡುವೆ ಕನಿಷ್ಠ 6 ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕೆ ಮೀರದಂತೆ. ಯಕೃತ್ತಿನ ಕಾಯಿಲೆಯವರು, ಮದ್ಯಪಾನಿಗಳು ವೈದ್ಯರನ್ನು ಕೇಳಿಯೇ. ಯಾರೋ ಕೊಡುವ ಇಂಜೆಕ್ಷನ್‌ನಲ್ಲಿ ಏನಿದೆಯೆಂದು ತಿಳಿಯದೆ ತೋಳು ಒಡ್ಡಬಾರದು. ನೋವನ್ನು ಅಡಗಿಸಿ ನಡೆದರೆ ಮೂಳೆಯ ಬಿರುಕು ಪೂರ್ತಿ ಮುರಿತವಾಗುವ ಅಪಾಯವೂ ಇದೆ. ಸಂಜೆ ಕಾಲನ್ನು ತಣ್ಣೀರಿನಲ್ಲಿ ತೊಳೆದು, ಎದೆಗಿಂತ ಎತ್ತರದಲ್ಲಿಟ್ಟು ಅರ್ಧ ಗಂಟೆ ಮಲಗುವುದು, ಏಳು ಗಂಟೆ ನಿದ್ದೆ, ಮಾರನೆಯ ದಿನ ದೂರ ಇಳಿಸುವುದು: ನಿಜವಾದ ಚಿಕಿತ್ಸೆ ಇದು.

ಪ್ರಶ್ನೆ: ಎಷ್ಟು ನೀರು ಕುಡಿಯಬೇಕು? ಹೆಂಗಸರಿಗೆ ಶೌಚಾಲಯದ್ದೇ ತೊಂದರೆ. (ಜೆ.ಪಿ. ನಗರ)

ಉತ್ತರ: ಶಿವರಾತ್ರಿಯ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಸಾಮಾನ್ಯವಾಗಿ 30 ಡಿಗ್ರಿ ದಾಟುತ್ತದೆ. ಗಂಟೆಗೆ ಅರ್ಧ ಲೀಟರಿನ ಆಸುಪಾಸು, ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಉಂಟಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಒಂದು ಲೀಟರಿಗೆ ಒಂದು ಪೊಟ್ಟಣದಂತೆ ಕಲಸಿದ ಓಆರ್‌ಎಸ್ ನಡುನಡುವೆ ಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ; ಅದೊಂದನ್ನೇ ನೆಚ್ಚಬಾರದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರಿಗೆ ಈ ಲೆಕ್ಕ ಬೇರೆ, ಅವರ ವೈದ್ಯರೇ ಹೇಳಬೇಕು. ಅನ್ನಸಂತರ್ಪಣೆಯಲ್ಲಿ ಹಬೆಯಾಡುವ ಊಟ ಸುರಕ್ಷಿತ. ಹೆಚ್ಚಿಟ್ಟ ಹಣ್ಣು, ಬಹಳ ಹೊತ್ತು ಇಟ್ಟ ಮೊಸರನ್ನ ಬೇಡ.

ಹೊರಗೆ ಹೋಗಲು ಜಾಗವಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಉರಿಮೂತ್ರ, ಜ್ವರ, ತಲೆಸುತ್ತು ಹಿಂಬಾಲಿಸುತ್ತವೆ. ಪರಿಹಾರ ಗುಂಪಿನ ಯೋಜನೆಯಲ್ಲಿರಬೇಕು. ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ಛತ್ರಗಳನ್ನು ಮೊದಲೇ ಗುರುತಿಸಿ ಎರಡು ಮೂರು ಗಂಟೆಗೊಮ್ಮೆ ಅಲ್ಲಿ ತಂಗುವಂತೆ ಹಾದಿ ಹಾಕಿಕೊಳ್ಳಬೇಕು. ಗುಂಪನ್ನು ನಡೆಸುವ ಗಂಡಸರು ಇದನ್ನು ತಮ್ಮ ಹೊಣೆಯೆಂದೇ ತಿಳಿಯಬೇಕು.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿಯುವಾಗ ಮಂಡಿನೋವು ಹೆಚ್ಚುತ್ತದೆಯೇ? ಕಾಡಿನ ದಾರಿಯಲ್ಲಿ ಬೇರೆ ಭಯವಿದೆಯೇ? (ಬನಶಂಕರಿ)

ಉತ್ತರ: ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುವುದರಿಂದ ಮಂಡಿಚಿಪ್ಪಿನ ಮೇಲಿನ ಒತ್ತಡ ಏರುತ್ತದೆ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ತುಸು ಬಾಗಿರಲಿ, ಕೈಯಲ್ಲಿ ಕೋಲಿರಲಿ. ಬೂಟಿನ ಲೇಸನ್ನು ಪಾದದ ಕೀಲಿನ ಬಳಿ ಬಿಗಿದರೆ ಬೆರಳು ಮುಂದಕ್ಕೆ ಜಾರಿ ಉಗುರು ಕಪ್ಪಾಗುವುದು ತಪ್ಪುತ್ತದೆ. ಘಾಟಿಯನ್ನು ಹಗಲಿನಲ್ಲೇ ಇಳಿಯಬೇಕು. ಮಂಡಿ ಸವೆದಿರುವವರು ಈ ಭಾಗವನ್ನು ವಾಹನದಲ್ಲಿ ದಾಟುವುದು ಉತ್ತಮ.

ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಉಣುಗು ಕಚ್ಚುವುದರಿಂದ ಹರಡುತ್ತದೆ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಂಡಿದೆ. ರಸ್ತೆಯಲ್ಲಿ ನಡೆದು ಹೋಗುವವರಿಗೆ ಅಪಾಯ ಕಡಿಮೆ. ಮೂಡಿಗೆರೆಯಿಂದಾಚೆ ಕಾಡಂಚಿನ ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಕೈಕಾಲಿಗೆ ಕೀಟ ನಿವಾರಕ ತೈಲ ಸವರಿ, ಸಂಜೆ ಮೈ ಬಟ್ಟೆ ನೋಡಿಕೊಂಡು ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಮನೆಗೆ ಮರಳಿದ ಮೇಲೆ ಎರಡು ವಾರದೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಯಾತ್ರೆಯ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಕಾಡಿಗಿಂತ ಹೆಚ್ಚು ಭಯ ಹೆದ್ದಾರಿಯದು. ಕತ್ತಲಲ್ಲಿ ನಡೆಯುವವರು ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕು, ಬೆನ್ನಿಗೂ ಎದೆಗೂ ಮಿನುಗುವ ಪಟ್ಟಿ ಹಾಕಿಕೊಳ್ಳಬೇಕು. ರಸ್ತೆಯಂಚಿನಲ್ಲಿ ಮಲಗುವುದಂತೂ ಕೂಡದು.

ಪ್ರಶ್ನೆ: ಯಾವಾಗ ನಡಿಗೆ ನಿಲ್ಲಿಸಬೇಕು? (ಬಿಟಿಎಂ ಬಡಾವಣೆ)

ಉತ್ತರ: ಎದೆನೋವು, ಅಸಹಜ ಏದುಸಿರು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು, ಒಂದೇ ಮೀನಖಂಡ ಊದಿ ನೋಯುವುದು, ಬೊಬ್ಬೆಯ ಸುತ್ತ ಕೆಂಪು ಹರಡಿ ಜ್ವರ ಬರುವುದು, ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು. ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಬೇಕು. ಬಿಸಿಲಿನಲ್ಲಿ ಯಾರಾದರೂ ಅಸಂಬದ್ಧ ಮಾತಾಡಿ ಕುಸಿದರೆ ನೆರಳಿಗೆ ಎಳೆದು ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರದಲ್ಲಿ, ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಘಾಟಿಯ ಹಾದಿಯಲ್ಲಿ ಆಸ್ಪತ್ರೆಯಿಲ್ಲದ ಕಾರಣ ಅನುಮಾನವಿರುವವರು ಮೂಡಿಗೆರೆಯಲ್ಲೇ ತೋರಿಸಿಕೊಂಡು ಮುಂದುವರಿಯಬೇಕು.

ದರ್ಶನ ಮುಗಿಸಿ ಅದೇ ದಿನ ಬಸ್ಸು ಹತ್ತಿ ಏಳೆಂಟು ಗಂಟೆ ಕದಲದೆ ಕೂತರೆ, ಊದಿದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯಿದೆ. ಬಸ್ಸು ನಿಂತಾಗಲೆಲ್ಲ ಇಳಿದು ನಡೆದಾಡಬೇಕು, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಬೇಕು. ಸಕ್ಕರೆ, ರಕ್ತದೊತ್ತಡಕ್ಕೆ ಮಾತ್ರೆ ಇಳಿಸಿಕೊಂಡವರು ಊರಿಗೆ ಬಂದ ಎರಡು ಮೂರು ದಿನದಲ್ಲಿ ವೈದ್ಯರನ್ನು ಕಂಡು ಹಳೆಯ ಪ್ರಮಾಣಕ್ಕೆ ಮರಳಬೇಕು.