ಅನ್ಯಗ್ರಹದ ವಿಮಾನಕ್ಕೆ ಎಂಜಿನ್ ಆರಿಸುವವರು ಮಾಡಬೇಕಾದ್ದು, ಮಾಡಬಾರದ್ದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಿಂದ ವಿಜ್ಞಾನ ಪ್ರದರ್ಶನಕ್ಕೆ ಮಾದರಿ ತರುವ ವಿದ್ಯಾರ್ಥಿಗಳು, ಅವರ ಮಾಸ್ತರರು ಇದನ್ನು ಓದಿಕೊಂಡೇ ಬರಬೇಕು.

ಮಾಡಬೇಕಾದ್ದು

ಎಂಜಿನ್ನಿನ ಚಿತ್ರಕ್ಕಿಂತ ಮೊದಲು ಗಾಳಿಯ ಲೆಕ್ಕ ಬರೆಯಿರಿ. ಯಾವ ಗ್ರಹ, ಎಷ್ಟು ಎತ್ತರ, ಯಾವ ಅನಿಲ, ಎಷ್ಟು ದಟ್ಟ, ಎಷ್ಟು ಉಷ್ಣತೆ: ಈ ಐದು ಸಾಲಿಲ್ಲದ ಚಾರ್ಟ್ ಗೋಡೆ ಏರುವುದಿಲ್ಲ.

ಮಂಗಳ ಆರಿಸಿದವರು ರೆಕ್ಕೆ ದೊಡ್ಡದು ಮಾಡಿ, ತೂಕ ಇಳಿಸಿ. ಅಲ್ಲಿ ಗುರುತ್ವ ನಮ್ಮದರ ಶೇ. 38, ಗಾಳಿಯ ಸಾಂದ್ರತೆ ಮಾತ್ರ ಶೇ. 1ರ ಆಸುಪಾಸು. ಕಬ್ಬಿಗೆ ಔಷಧ ಹೊಡೆಯುವ ಡ್ರೋನ್ ಅಲ್ಲಿ ನೆಲ ಬಿಟ್ಟು ಏಳಲಾರದು. 2021ರ ಏಪ್ರಿಲ್ 19ರಂದು ಅಲ್ಲಿ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯ ತೂಕ 1.8 ಕಿಲೊ. ಅಷ್ಟಕ್ಕೇ 1.2 ಮೀಟರ್ ಅಗಲದ ಎರಡು ರೋಟರ್, ನಿಮಿಷಕ್ಕೆ ಸುಮಾರು 2,500 ಸುತ್ತು ಬೇಕಾಯಿತು. (ಹಗುರ ಮೈಯ ಬೆಲೆಯನ್ನು ಮುಧೋಳದವರಿಗೆ ಹೇಳಿಕೊಡಬೇಕಿಲ್ಲ, ನಿಮ್ಮೂರ ನಾಯಿ ನೋಡಿದ್ದೀರಿ.)

ಬ್ಯಾಟರಿಯ ಲೆಕ್ಕದಲ್ಲಿ ರಾತ್ರಿಯ ಚಳಿಯನ್ನೂ ಸೇರಿಸಿ. ಇಂಜೆನ್ಯುಯಿಟಿಯ ವಿದ್ಯುತ್ತಿನಲ್ಲಿ ಹೆಚ್ಚು ಪಾಲು ಹೋದದ್ದು ಹಾರಾಟಕ್ಕಲ್ಲ, ಮೈ ಬೆಚ್ಚಗಿಟ್ಟುಕೊಳ್ಳಲು.

ಮಾಡಬಾರದ್ದು

ಪೆಟ್ರೋಲ್, ಜೆಟ್, ಇಥೆನಾಲ್ ಎಂಜಿನ್ ಬರೆಯಕೂಡದು. ಸಕ್ಕರೆ ಕಾರ್ಖಾನೆಯ ಊರಿನವರಿಗೆ ಇಥೆನಾಲ್ ನೆನಪಾಗುವುದು ಸಹಜ. ಆದರೆ ಮಂಗಳದ ಗಾಳಿಯಲ್ಲಿ ಶೇ. 95 ಇಂಗಾಲದ ಡೈಆಕ್ಸೈಡ್. ಅದು ಬೆಂಕಿ ಆರಿಸುವ ಅನಿಲ. ಶನಿಯ ಚಂದ್ರ ಟೈಟನ್‌ನಲ್ಲಿ ನಮ್ಮ ಭೂಮಿಯ ಲೆಕ್ಕ ತಿರುವುಮುರುವು: ಉರಿಯುವ ಮೀಥೇನ್ ಗಾಳಿಯಲ್ಲೇ ಇದೆ, ಆಮ್ಲಜನಕವನ್ನು ಹೊತ್ತೊಯ್ಯಬೇಕು.

ರೋಟರಿಗೆ ಬಲ ಸಾಲದೆಂದು ಸುತ್ತು ಹೆಚ್ಚಿಸುತ್ತ ಹೋಗಬೇಡಿ. ಮಂಗಳದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 240 ಮೀಟರ್. ರೆಕ್ಕೆಯ ತುದಿ ಅದರ ಹತ್ತಿರ ಹೋದರೆ ಎಳೆತ ಹೆಚ್ಚುತ್ತದೆ, ಎತ್ತುವ ಶಕ್ತಿ ಕೈಕೊಡುತ್ತದೆ. ಮಗ್ಗದ ಮೋಟಾರ್ ಕಟ್ಟಿಕೊಂಡು ಬರುವುದಂತೂ ಬೇಡವೇ ಬೇಡ.

ರಾಕೆಟ್ ಬರೆದು ‘ವರ್ಷಗಟ್ಟಲೆ ಹಾರುತ್ತದೆ’ ಎನ್ನಬೇಡಿ. ನಾಸಾದ ಏರಿಸ್ ಯೋಜನೆ ಮಂಗಳಕ್ಕೆಂದು ರಾಕೆಟ್ ವಿಮಾನವನ್ನೇ ಆರಿಸಿತ್ತು. ಇಂಧನ ಸಾಲುತ್ತಿದ್ದದ್ದು ಗಂಟೆಯ ಲೆಕ್ಕದ ಹಾರಾಟಕ್ಕೆ. ಆ ವಿಮಾನ ಮಂಗಳಕ್ಕೆ ಹೋಗಲೇ ಇಲ್ಲ.

ಎಲ್ಲ ಕಡೆಗೂ ಸೌರಫಲಕ ಅಂಟಿಸಬೇಡಿ. ಶನಿಯ ದೂರದಲ್ಲಿ ಬಿಸಿಲು ನಮ್ಮಲ್ಲಿಯ ನೂರನೇ ಒಂದು ಪಾಲು. ಅದಕ್ಕೇ ಟೈಟನ್‌ಗೆ ಸಿದ್ಧವಾಗುತ್ತಿರುವ ನಾಸಾದ ಹಾರುಯಂತ್ರ ಡ್ರಾಗನ್‌ಫ್ಲೈ ಪ್ಲುಟೋನಿಯಂ ಶಾಖದಿಂದ ಬ್ಯಾಟರಿ ತುಂಬಿಕೊಂಡು ಎಂಟು ರೋಟರ್ ತಿರುಗಿಸಲಿದೆ. ಅಲ್ಲಿ ಗಾಳಿ ನಾಲ್ಕು ಪಟ್ಟು ದಟ್ಟ, ಗುರುತ್ವ ಏಳನೇ ಒಂದು, ಹಾರುವವರ ತವರು.

ಶುಕ್ರದ ನೆಲದ ಮೇಲೆ ವಿಮಾನ ಇಳಿಸಬೇಡಿ, 460 ಡಿಗ್ರಿ ಇದೆ. 50 ಕಿ.ಮೀ. ಮೇಲೆ ಮೋಡಗಳಲ್ಲಿ ಹಾರಿಸಿ. 1985ರಲ್ಲಿ ಸೋವಿಯತ್ತಿನ ಎರಡು ವೇಗಾ ಬಲೂನುಗಳು ಎಂಜಿನ್ನೇ ಇಲ್ಲದೆ ಅಲ್ಲಿಯ ಗಾಳಿಯ ಮೇಲೆ ಸುಮಾರು 46 ಗಂಟೆ ತೇಲಿದ್ದವು. ‘ಎಂಜಿನ್ ಬೇಡ’ ಎಂಬ ಉತ್ತರಕ್ಕೂ ಅಂಕವಿದೆ, ಕಾರಣ ಬರೆದಿದ್ದರೆ.

ಪೆಟ್ರೋಲ್, ಪಟಾಕಿ ಮದ್ದು ತಂದವರ ಮಾದರಿ ಬಾಗಿಲಾಚೆಯೇ ಉಳಿಯುತ್ತದೆ.