ಮಳೆ ಅಲ್ಲಿ, ಹೊಳೆ ಇಲ್ಲಿ

ಕಕ್ಕೇರಾದಲ್ಲಿ ಬಿಸಿಲು ಸುಡುತ್ತಿರುವಾಗಲೇ ಕೃಷ್ಣೆ ದಂಡೆ ಮೀರುವುದುಂಟು. ಈ ಸೀಮೆಗೆ ಹೊಸಬರಾದವರಿಗೆ ಇದು ಸೋಜಿಗ. ಮಳೆ ಸುರಿಯುವುದು ದೂರದ ಮಹಾಬಳೇಶ್ವರ, ಕೊಯ್ನಾ ಕಡೆಯ ಘಟ್ಟದಲ್ಲಿ. ಆ ನೀರು ಆಲಮಟ್ಟಿ ಅಣೆಕಟ್ಟೆಗೆ ಬಂದು, ನಾರಾಯಣಪುರದ ಬಸವಸಾಗರ ಜಲಾಶಯಕ್ಕೆ ಇಳಿದು, ಗೇಟು ದಾಟಿ ಸುರಪುರ ತಾಲ್ಲೂಕಿನ ಹೊಳೆಸಾಲಿನ ಊರುಗಳನ್ನು ಮುಟ್ಟುತ್ತದೆ. 2009ರಲ್ಲಿ, 2019ರಲ್ಲಿ ಈ ನದಿಯ ಆರ್ಭಟ ಕಂಡವರು ಇಲ್ಲಿ ಬಹಳ ಮಂದಿ.

ಅಣೆಕಟ್ಟೆ ಇದೆಯಲ್ಲ, ತಡೆದು ನಿಲ್ಲಿಸಬಾರದೇ ಎಂದು ಕೇಳುವವರಿದ್ದಾರೆ. ಬನ್ನಿ, ಲೆಕ್ಕ ಹಾಕೋಣ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು; ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 1 ಲಕ್ಷ ಕ್ಯೂಸೆಕ್ ಹಗಲೂ ರಾತ್ರಿ ಒಂದು ದಿನ ಹರಿದರೆ 8.64 ಟಿಎಂಸಿ, 3 ಲಕ್ಷವಾದರೆ ಹತ್ತಿರ ಹತ್ತಿರ 26 ಟಿಎಂಸಿ. ಕಟ್ಟಿದಾಗಲೂ ಬಸವಸಾಗರಕ್ಕೆ ಹಿಡಿಸುತ್ತಿದ್ದುದು 38 ಟಿಎಂಸಿಯೊಳಗೆ. ಆಮೇಲೆ ಹೂಳು ಬೇರೆ. ಪ್ರವಾಹ ಬರುವ ಹೊತ್ತಿಗೆ ಅದು ಬಹುಪಾಲು ತುಂಬಿಯೂ ಇರುತ್ತದೆ. ಮೇಲಿನಿಂದ ಬಂದಷ್ಟನ್ನು ಕೆಳಗೆ ಬಿಡದೆ ಗತ್ಯಂತರವಿಲ್ಲ.

ಹೊಳೆ ಏರುವುದು ನಿಸರ್ಗದ ಪಾಡಿಗೆ ನಡೆಯುವಂಥದ್ದು. ಅದರಿಂದ ಯಾರಿಗೆ ಎಷ್ಟು ನಷ್ಟ ಎಂಬುದು ಮಾತ್ರ ದಾರಿ, ಆಸ್ಪತ್ರೆ, ಸುದ್ದಿ ತಲುಪುವ ವೇಗ ಇವುಗಳ ಮೇಲೆ ನಿಂತಿದೆ. ಕಕ್ಕೇರಾ ಹತ್ತಿರದ ನೀಲಕಂಠರಾಯನಗಡ್ಡಿಯನ್ನೇ ನೋಡಿ. ಸುತ್ತಲೂ ಕೃಷ್ಣೆ. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬುಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರನ್ನು ಜೊತೆಗಿಟ್ಟುಕೊಂಡು, ತುಂಬಿದ ಹೊಳೆಯನ್ನು ಈಜಿ ದಡ ಸೇರಿದರು. ಹೆರಿಗೆಗೆ ಆಸ್ಪತ್ರೆ ಬೇಕಿತ್ತು, ಅಷ್ಟೇ. ಊರೆಲ್ಲ ಸಾಹಸವೆಂದು ಕೊಂಡಾಡಿತು. ಸಾಹಸ ಹೌದು, ಬಸುರಿಗೆ ಅಂಥ ಸಾಹಸದ ಪಾಳಿ ಬಂದದ್ದು ನಮ್ಮೆಲ್ಲರಿಗೂ ನಾಚಿಕೆಯ ವಿಷಯ.

ಇಂಥ ನಷ್ಟ ತಡೆಯುವುದು ಬಡ ನಾಡುಗಳಿಂದ ಆಗದು ಎನ್ನುವವರು ಒಡಿಶಾ ಕಡೆ ನೋಡಬೇಕು. 1999ರ ಚಂಡಮಾರುತ ಅಲ್ಲಿ ಸಾವಿರಾರು ಜನರನ್ನು ಕೊಂದಿತು. 2013ರಲ್ಲಿ ಫೈಲಿನ್ ಚಂಡಮಾರುತ ಅಪ್ಪಳಿಸುವ ಮುನ್ನವೇ ಲಕ್ಷಾಂತರ ಜನರನ್ನು ಸಾಗಿಸಿದ್ದರಿಂದ ಸತ್ತವರ ಸಂಖ್ಯೆ ಹತ್ತಾರಕ್ಕೆ ನಿಂತಿತು. ಗಾಳಿಯೇನೂ ಸೌಮ್ಯವಾಗಿರಲಿಲ್ಲ.

ನಮಗಂತೂ ಕೃಷ್ಣೆ ಹೇಳದೆ ಕೇಳದೆ ಬರುವವಳಲ್ಲ. ಘಟ್ಟದ ಮಳೆ ಇಲ್ಲಿಗೆ ಮುಟ್ಟುವಷ್ಟರಲ್ಲಿ ಸಮಯ ಸಿಗುತ್ತದೆ. ಆದ್ದರಿಂದ ಜುಲೈ ಬಂದರೆ ನಿಮ್ಮೂರಿನ ಮುಗಿಲು ನೋಡಿ ಸುಮ್ಮನಾಗಬೇಡಿ; ಆಲಮಟ್ಟಿಯ ಹೊರಹರಿವು ಎಷ್ಟೆಂದು ಪತ್ರಿಕೆಯಲ್ಲಿ ಓದಿ. ಪಂಪ್‌ಸೆಟ್ಟು, ದನಕರು ಮೇಲಕ್ಕೆ ತನ್ನಿ. ಡಂಗುರ ಕೊನೆಯ ಗುಡಿಸಲಿಗೂ ಕೇಳಿಸಿತೇ ಎಂದು ವಿಚಾರಿಸಿ. ಗಡ್ಡಿಯಲ್ಲಿ ದಿನ ತುಂಬಿದ ಹೆಣ್ಣುಮಗಳಿದ್ದರೆ, ಹೊಳೆ ಏರುವ ಮೊದಲೇ ಆಕೆಯನ್ನು ಈಚೆ ದಡಕ್ಕೆ ಕರೆತನ್ನಿ.